ಉಲ್ಟಾ ಕೂತ ಪ್ಲೇಟು

ಹದಿನಾಲ್ಕು, ಬುಧವಾರ

ಕಾರಿನಲ್ಲಿ ಮತ್ತೆ ಅದೇ ಕರಕರ. ಹೊಸ ಕ್ಲಚ್ ಪ್ಲೇಟು ಹಾಕಿ, ಗೇರ್‌ಬಾಕ್ಸನ್ನು ಎದೆಯ ಮೇಲೆ ಹೊತ್ತು ಕೂರಿಸಿದ್ದೆಲ್ಲ ಮಣ್ಣುಪಾಲು. ಎಂಜಿನ್ ನಿಂತಿದ್ದರೆ ಗೇರು ಸಲೀಸಾಗಿ ಬೀಳುತ್ತದೆ, ಚಾಲೂ ಮಾಡಿದರೆ ಹಲ್ಲು ಕಡಿಯುತ್ತದೆ. ಪೆಡಲ್ ಒತ್ತಿದರೂ ಕ್ಲಚ್ ಬಿಡುತ್ತಿಲ್ಲ.

ಸಂಜೆಯೆಲ್ಲ ಪೆಡಲ್ ಒತ್ತಿಕೊಟ್ಟವಳು ಅಮ್ಮ. ಬೇಡವೆಂದರೂ ಕೇಳಲಿಲ್ಲ, ಆ ಊದಿದ ಕಾಲಿನಲ್ಲೇ.

"ಒತ್ತಿದೀನಿ ಕಣೋ. ಏನಾದ್ರೂ ಆಯ್ತಾ?"

"ಇಲ್ಲಮ್ಮ."

ಬೆಳಿಗ್ಗೆ ಅವಳಿಗೆ ಡಯಾಲಿಸಿಸ್. ಈ ದಿಬ್ಬದ ಬೀದಿಗೆ ಅಷ್ಟು ಬೇಗ ಯಾವ ಬಾಡಿಗೆ ಕಾರೂ ಬರುವುದಿಲ್ಲ.

ಕೈ ತೊಳೆಯುವಾಗ ಹಳೆಯ ಪ್ಲೇಟು ಕಣ್ಣಿಗೆ ಬಿತ್ತು. ಒಂದು ಮಗ್ಗುಲಲ್ಲಿ 'ಎಂಜಿನ್ ಕಡೆ' ಎಂದು ಅಚ್ಚೊತ್ತಿದೆ. ಹೊಸದನ್ನು ಬಿಗಿಯುವಾಗ ಆ ಬರಹ ನನ್ನ ಮುಖಕ್ಕೇ ರಾಚುತ್ತಿತ್ತು. ಉಲ್ಟಾ ಕೂರಿಸಿದ್ದೇನೆ. ಥೂ, ನನ್ನ ಬುದ್ಧಿಗಿಷ್ಟು!

"ಒಂದಿನ ತಪ್ಪಿದ್ರೆ ನಾನೇನೂ ಸಾಯಲ್ಲ ಬಿಡೋ" ಅಂದಳು ಅಮ್ಮ. ಹಿಂದೊಮ್ಮೆ ತಪ್ಪಿದಾಗ ಉಸಿರಿಗಾಗಿ ಒದ್ದಾಡಿದ್ದು ಅವಳಿಗೆ ನೆನಪಿಲ್ಲ. ನನಗಿದೆ.

ಮತ್ತೆ ಪೂರ್ತಿ ಬಿಚ್ಚಬೇಕು, ಈಗಲೇ. ಬೆರಳು ಮಡಚಲು ಬರುತ್ತಿಲ್ಲ, ಪೆನ್ನೇ ಜಾರುತ್ತಿದೆ.

ಹೊರಗೆ ನಮ್ಮ ಕಾರಿನ ಬಾಗಿಲ ಸದ್ದು. 'ಮಲಗು ಅಮ್ಮ' ಎಂದು ಹೇಳಿಯೇ ಬಂದಿದ್ದೆ. ಅವಳು ಆಗಲೇ ಹೋಗಿ ಪೆಡಲಿನ ಮೇಲೆ ಕಾಲಿಟ್ಟು ಕೂತಿರಬೇಕು.