ಮರೆತ ರೊಟ್ಟಿ

ಬಂಗೂರನಗರ, ೧೨ ನವೆಂಬರ್, ಬುಧವಾರ

ಅತ್ತೆಯ ಮಾತನ್ನು ನಾನಂತೂ ನಂಬಲಾರೆ.

“ಹಂಚಿನ ಮ್ಯಾಲ ಮರ್ತ ಬಿಟ್ಟೆ ನೋಡವಾ, ಎಲ್ಲಾ ರೊಟ್ಟಿ ಖಡಕ್ ಆಗ್ಯಾವ,” ಅಂದರು.

ನಮ್ಮ ಯಜಮಾನರು ಒಂದನ್ನು ಮುರಿದು ತಿನ್ನುತ್ತ ನಕ್ಕರು. “ಮೊದಲ್ನೇ ಖಡಕ್ ರೊಟ್ಟೀನೂ ಹಿಂಗ ಯಾರೋ ಮರ್ತಾಗ ಹುಟ್ಟಿರಬೇಕು. ಜಗತ್ತಿನ್ಯಾಗ ಅರ್ಧಾ ಸಾಮಾನು ಹಂಗ ಹುಟ್ಯಾವ.”

ಹುಟ್ಟಿರಬಹುದು. ಆದರೆ ಮರೆತ ರೊಟ್ಟಿ ಮುದುಡುತ್ತದೆ, ಅಂಚು ಕರಕಲಾಗುತ್ತದೆ. ಇವು ಕಾಗದದ ಹಾಗೆ ಚಪ್ಪಟೆಯಾಗಿವೆ. ಸಣ್ಣ ಉರಿಯಲ್ಲಿ, ಅರಿವೆಯಿಂದ ಒತ್ತಿ ಒತ್ತಿ ಸುಟ್ಟಿದ್ದಾರೆ, ಅದೂ ಬುಟ್ಟಿ ತುಂಬ. ಇಷ್ಟು ಖಡಕ್ ರೊಟ್ಟಿ ನಮ್ಮ ಮನೆಯಲ್ಲಿ ಆಗುವುದು ದೂರದ ಊರಿಗೆ ಬುತ್ತಿ ಕಟ್ಟುವಾಗ ಮಾತ್ರ. ಈಗ ಯಾರೂ ಹೊರಟಿಲ್ಲವಲ್ಲ?

ನೀರು ಕುಡಿಯಲು ಎದ್ದಾಗ ನೋಡಿದೆ. ಗೂಟಕ್ಕೆ ತೂಗುಹಾಕಿದ್ದ ಅತ್ತೆಯ ಪ್ರಯಾಣದ ಚೀಲ ಕೆಳಗಿಳಿದು ಅವರ ದಿಂಬಿನ ಪಕ್ಕ ಬಂದಿದೆ. ಚೀಲದ ಹೊಟ್ಟೆ ಉಬ್ಬಿದೆ.