ಸರಾಸರಿ ಕೆಡಿಸಿದವಳು

ಮಂಗಳವಾರ, ತಾರೀಖು ಹದಿನಾಲ್ಕು. ಮೈ ಇನ್ನೂ ಉರಿಯುತ್ತಿದೆ.

ಗಣಿತದ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಕಲಿಸುವ ಆತ್ಮವಿಶ್ವಾಸ ನಮಗೆಷ್ಟಿದೆ ಎಂದು ಐದಕ್ಕೆ ಅಂಕ ಹಾಕಿಕೊಳ್ಳುವ ಫಾರ್ಮು ಬಂದಿತ್ತು. ನಾನು ಎರಡು ಹಾಕಿದೆ, ಉಳಿದ ಶಿಕ್ಷಕರೆಲ್ಲ ಐದು. "ಶಾಲೆಯ ಸರಾಸರಿ ಕೆಡಿಸಿದ್ರಲ್ಲಾ!" ಎಂದು ಹೆಡ್ ಮೇಡಂ ಎಲ್ಲರೆದುರು ಗದರಿದರು.

ಏಳನೇ ತರಗತಿಯ ಹುಡುಗಿಯೊಬ್ಬಳು ಎಂಟು ದೊಡ್ಡದೋ ಆರು ದೊಡ್ಡದೋ ಎಂದು ಈಗಲೂ ಬೆರಳು ಮಡಚಿ ನೋಡುತ್ತಾಳೆ. ಅವಳ ಗಣಿತದ ಮೇಷ್ಟ್ರನ್ನೇ ಕೇಳಿದೆ: "ಐದು ಹಾಕಿದ್ದೀರಲ್ಲ ಸಾರ್, ಅವಳಿಗೆ ಹೇಗೆ ಹೇಳ್ಕೊಡ್ತೀರಿ? ನಾನೂ ಕಲೀತೀನಿ."

ನಕ್ಕರು. "ಅವಳ ತಲೆಗೆ ಏನೂ ಹತ್ತಲ್ಲ ಮೇಡಂ. ಅದರಲ್ಲಿ ನಂಗೆ ಅನುಮಾನವೇ ಇಲ್ಲ."

ಇದು ಅವರ ಆತ್ಮವಿಶ್ವಾಸ! ಥೂ.

ಸಂಜೆ ನಾನೂ ಅವಳೂ ಅಂಗಿಗುಂಡಿಗಳನ್ನು ಎಂಟರದೊಂದು ಸಾಲು, ಆರರದೊಂದು ಸಾಲು ಜೋಡಿಸುತ್ತ ಕೂತೆವು. ಯಾವುದು ದೊಡ್ಡದೆಂದು ಎರಡು ಸಲ ಸರಿ ಹೇಳಿದಳು. ನಾಳೆ ಮರೆತಿರುತ್ತಾಳೆ, ಮತ್ತೆ ಕೂರಬೇಕು. ಮರೆಯದ ಹಾಗೆ ಕಲಿಸುವುದು ಹೇಗೆ ಎನ್ನುವುದು ಮಾತ್ರ ನನಗಿನ್ನೂ ಗೊತ್ತಿಲ್ಲ.