ಇನ್ವರ್ಟರಿನ ಹಸಿರು ದೀಪ

ಜುಲೈ ೧೭, ಗುರುವಾರ. ರಾತ್ರಿ.

ಮೋಡ ಕವಿದು ಇಂದಿಗೆ ಐದನೆಯ ದಿನ. ಗಾಳಿಯಿಲ್ಲ, ಎಂಜಿನ್ ಕೆಟ್ಟಿದೆ. ಹಾಯಿದೋಣಿ ಲಂಗರು ಹಾಕಿದಲ್ಲೇ ನಿಂತಿದೆ. ಸೋಲಾರ್ ಫಲಕಗಳು ಹೆಸರಿಗಷ್ಟೇ ಇವೆ. ಬ್ಯಾಟರಿಯಲ್ಲಿ ಉಳಿದಿರುವುದಷ್ಟೂ ತಮ್ಮನ ಇನ್ಸುಲಿನ್ ಇರುವ ಫ್ರಿಜ್ಜಿಗೆ ಬೇಕು.

“ಅಕ್ಕಾ, ರಾತ್ರಿಯೆಲ್ಲಾ ಕರೆಂಟು ಎಲ್ಲಿಗೆ ಹೋಗುತ್ತೋ ಗೊತ್ತಾಗ್ತಿಲ್ಲ. ಬ್ಯಾಟರಿಗೂ ನಿನ್ನ ಹಾಗೆ ವಯಸ್ಸಾಯ್ತೇನೋ,” ಎಂದ ಬೆಳಿಗ್ಗೆ.

“ನನಗೆ ವಯಸ್ಸಾಗಿದೆ, ಕೆಟ್ಟಿಲ್ಲ,” ಎಂದೆ. ನಕ್ಕ.

ಕೆಟ್ಟಿರುವುದು ನನ್ನ ಕಿವಿ. ಅದು ಅವನಿಗೆ ತಿಳಿಯದು. ಹಗಲು ಕೂದಲಿನಡಿ ಮರೆಮಾಡಿದ ಶ್ರವಣಯಂತ್ರಗಳನ್ನು ರಾತ್ರಿ ಇನ್ವರ್ಟರಿನಲ್ಲಿ ಚಾರ್ಜಿಗೆ ಹಾಕಿ ಮಲಗುತ್ತಿದ್ದೆ. ಕಡಲೆಕಾಳಿನಷ್ಟು ವಸ್ತು ಎಷ್ಟು ತಿಂದೀತು ಎಂದುಕೊಂಡಿದ್ದೆ. ಇಂದು ಇನ್ವರ್ಟರಿನ ಕೈಪಿಡಿ ತೆರೆದು ಓದಿದೆ: ಏನನ್ನೂ ನಡೆಸದಿದ್ದರೂ, ಹಸಿರು ದೀಪ ಉರಿಯುವಷ್ಟು ಹೊತ್ತು ಇನ್ವರ್ಟರ್ ತಾನೇ ವಿದ್ಯುತ್ತನ್ನು ಕುಡಿಯುತ್ತಿರುತ್ತದೆ. ಪಾಠ ಓದದೆ ಬಂದ ಮಕ್ಕಳನ್ನು ಮೂವತ್ತೆಂಟು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು.

ಹೇಳಿದರೆ ಮುಂದಿನ ಬಂದರಿನಲ್ಲೇ ಇಳಿಸಿಬಿಡುತ್ತಾನೆ. ಅವನ ಕೂಗು ಕೇಳಿಸದವಳ ಕೈಗೆ ಹಾಯಿಯ ಹಗ್ಗ ಕೊಡಲು ಯಾರಿಗೆ ಧೈರ್ಯ ಬಂದೀತು? ಹೇಳದಿದ್ದರೆ, ನಾಲ್ಕು ಹೆಜ್ಜೆಯ ಈ ಕೋಣೆ, ಅದರಾಚೆ ನೀರು, ಎದುರಿಗೆ ಅವನ ಮುಖ; ಎಷ್ಟು ದಿನ ಮುಚ್ಚಿಟ್ಟೇನು?

ಸಂಜೆ ನಾನೇ ಇನ್ವರ್ಟರನ್ನು ಆರಿಸಿದೆ. ಫ್ರಿಜ್ಜು ನೇರ ಬ್ಯಾಟರಿಯಿಂದಲೇ ನಡೆಯುತ್ತದೆ, ಅದಕ್ಕೆ ಇನ್ವರ್ಟರ್ ಬೇಡ. ಯಂತ್ರಗಳೆರಡೂ ಈಗ ಸತ್ತಿವೆ. ಟಾರ್ಚಿನ ಬೆಳಕಿನಲ್ಲಿ ಇದನ್ನು ಬರೆಯುತ್ತಿರುವಾಗ ತಮ್ಮ ಬಾಗಿಲಿಗೆ ಬಂದು ಏನನ್ನೋ ಕೇಳಿದ. ತುಟಿಗಳು ಆಡಿದವು, ಹುಬ್ಬು ಮೇಲೇರಿತು. “ಹೂಂ,” ಎಂದೆ. ಯಾವುದಕ್ಕೆ ಒಪ್ಪಿದೆನೋ ತಿಳಿಯದು.

ಅವನು ಕದಲಲಿಲ್ಲ. ನಾನು ತಲೆಯೆತ್ತದೆ ಬರೆಯುತ್ತಲೇ ಇದ್ದೇನೆ, ಓರೆಗಣ್ಣಿಗೆ ಕಾಣುತ್ತಿದೆ, ಅವನು ಇನ್ನೂ ಅಲ್ಲೇ ನಿಂತಿದ್ದಾನೆ, ನನ್ನ ಕಿವಿಯನ್ನೇ ನೋಡುತ್ತ